ಮನೆ ಬದಲಿಸುವ ಮೊದಲು ಮಲಗುವ ಕೋಣೆ ಬದಲಿಸಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಂಡ್ಯ. ಹಳೇ ಬೆಂಗಳೂರು–ಮೈಸೂರು ರಸ್ತೆಗೆ ಅಂಟಿಕೊಂಡ ಹಾಗೆ ನಮ್ಮ ಮನೆ. ಕೆಳಗೆ ಎರಡು ಅಂಗಡಿ ಬಾಡಿಗೆಗೆ ಕೊಟ್ಟು ಮೇಲೆ ನಾವಿದ್ದೇವೆ. ರಸ್ತೆ ಕಡೆಯ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಮಲಗುತ್ತಿದ್ದೇವೆ. ಹಿಂದುಗಡೆ ಒಂದು ಸಣ್ಣ ಕೋಣೆ ಇದೆ, ಹಳೇ ಸಾಮಾನು ತುಂಬಿದೆ. ಬೈಪಾಸ್ ಆದ ಮೇಲೆ ಸದ್ದು ಇಳಿಯುತ್ತದೆ ಅಂದುಕೊಂಡಿದ್ದೆವು. ಹಗಲು ಸ್ವಲ್ಪ ಇಳಿದಿದೆ. ರಾತ್ರಿ ಮಾತ್ರ ಖಾಲಿ ರಸ್ತೆ ಸಿಕ್ಕಿತು ಅಂತ ಲಾರಿಗಳು ಹಾರಿಕೊಂಡು ಹೋಗುತ್ತವೆ. ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿದರೆ ಕೇಳಲೇಬೇಡಿ, ಟ್ರ್ಯಾಕ್ಟರ್‌ಗಳು ಡೆಕ್ ಹಾಕಿಕೊಂಡು ಬೆಳಗಿನ ಜಾವದವರೆಗೂ ಓಡಾಡುತ್ತವೆ. ಮನೆ ಮುಂದೆ ಒಂದು ಹಂಪ್ ಬೇರೆ.

ಯಜಮಾನರಿಗೆ 54. ಮೆಡಿಕಲ್ ಶಾಪಿನಲ್ಲಿ ನೋಡಿಸಿದಾಗ ಬಿಪಿ 148/94 ಇತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು ತಿಂಗಳಾಯಿತು, ಇನ್ನೂ ಶುರು ಮಾಡಿಲ್ಲ. ಅವರು ಗೊರಕೆ ಹೊಡೆದುಕೊಂಡು ಚೆನ್ನಾಗಿಯೇ ಮಲಗುತ್ತಾರೆ. ಕೇಳಿದರೆ "ಸದ್ದಿಲ್ದೆ ಹೋದ್ರೆ ನಂಗೆ ನಿದ್ದೇನೇ ಬರಾಕಿಲ್ಲ ಕಣಮ್ಮಿ" ಅನ್ನುತ್ತಾರೆ. ನನಗೆ ಮಾತ್ರ ರಾತ್ರಿಯೆಲ್ಲ ಎಚ್ಚರ. ಹಗಲು ಹೊಲಿಗೆ ಮಿಷನ್ ಮುಂದೆ ಕೂತರೆ ತೂಕಡಿಕೆ. ಅತ್ತೆಗೆ 76, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಗಣಪತಿ ಮೆರವಣಿಗೆಯ ಡಿಜೆ ಬಂದರೆ ಎದೆ ಹಿಡಿದುಕೊಂಡು ಕೂರುತ್ತಾರೆ. ಆ ಸದ್ದಿಗೆ ಸ್ಟೆಂಟ್ ಜರುಗಿಬಿಡುತ್ತದೆ ಅಂತ ಯಾರೋ ಹೆದರಿಸಿದ್ದಾರೆ.

ಸದ್ದಿನಿಂದ ಕಿವಿ ಹೋಗಬಹುದು, ಹೃದಯಕ್ಕೇನು ಸಂಬಂಧ ಅಂತ ನನ್ನ ಅಣ್ಣ ಕೇಳುತ್ತಾನೆ. ಸದ್ದಿನಿಂದಲೇ ಹಾರ್ಟ್ ಅಟ್ಯಾಕ್ ಆಗುತ್ತದೆ ಅಂತ ನಾನು ಎಲ್ಲೋ ಓದಿದ್ದೇನೆ. ಮನೆ ಮಾರಿ ಹೊಸ ಹೆದ್ದಾರಿ ಕಡೆ ಒಂದು ಸೈಟು ನೋಡಿದ್ದೇವೆ. ಅಲ್ಲಿಗೆ ಹೋಗಿಬಿಡೋಣವೇ? ಹೋದರೆ ಬಿಪಿ ಮಾತ್ರೆ ಬೇಕಾಗುವುದಿಲ್ಲ ಅಲ್ವಾ?

— ಓದುಗರು, ಮಂಡ್ಯ

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮನೆ ಮಾರುವ ಮಾತು ಸದ್ಯಕ್ಕೆ ಬೇಡ. ಹಿಂದಿನ ಕೋಣೆಯ ಸಾಮಾನು ತೆಗೆಸಿ, ಈ ವಾರವೇ ಹಾಸಿಗೆಯನ್ನು ಅಲ್ಲಿಗೆ ಹಾಕಿಸಿ. ಯಜಮಾನರ ಬಿಪಿ ಸರಿಯಾಗಿ ಅಳೆಸಿ, ಮಾತ್ರೆ ವಿಷಯ ಇನ್ನೂ ಎಳೆಯಬೇಡಿ. ಅತ್ತೆಯ ಎದೆನೋವನ್ನು ಡಿಜೆ ತಲೆಗೆ ಕಟ್ಟಿ ಸುಮ್ಮನಾಗಬೇಡಿ.

ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ನನ್ನ ಮುಂದೆ ಕೂತವರು ಕೇಳುತ್ತಲೇ ಇರುತ್ತಾರೆ. ಮೈಸೂರಿನಲ್ಲಾದರೆ ಇರ್ವಿನ್ ರಸ್ತೆಯವರು, ರಿಂಗ್ ರೋಡ್ ಪಕ್ಕದವರು. ನಿಮ್ಮ ಕಡೆಯಿಂದ ಬರುವವರಲ್ಲಿ ಹೆದ್ದಾರಿಯವರು, ಅಕ್ಕಿ ಗಿರಣಿ ಪಕ್ಕದವರು, ಆಲೆಮನೆ ಹತ್ತಿರದವರು.

ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಕಿವಿ ಕೆಡಬೇಕಾದರೆ ಸದ್ದು ಜೋರಾಗಿಯೇ ಇರಬೇಕು. ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ 85 ಡೆಸಿಬಲ್ ಸದ್ದಿನಲ್ಲಿ ಕೆಲಸ ಮಾಡುವವರ ಕಿವಿ ಮಂದವಾಗುತ್ತದೆ. ಗಿರಣಿಯಲ್ಲಿ ದುಡಿದವರನ್ನು ಮಾತಾಡಿಸಿದರೆ ಗೊತ್ತಾಗುತ್ತದೆ. ಹೃದಯದ ಲೆಕ್ಕ ಬೇರೆ. ಅದಕ್ಕೆ ಅಷ್ಟು ಜೋರು ಬೇಕಾಗಿಲ್ಲ. ಮಲಗಿದ ಕೋಣೆಯೊಳಗೆ 33–35 ಡೆಸಿಬಲ್ ಮುಟ್ಟುವ ಸದ್ದಿಗೇ ಮೈ ಸ್ಪಂದಿಸಲು ಶುರು ಮಾಡುತ್ತದೆ. ಅದು ಪಿಸುಮಾತಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹತ್ತಿರದಲ್ಲೇ ಒಂದು ಭಾರಿ ಲಾರಿ ಹೋದರೆ ಹೊರಗೆ 80ರ ಆಸುಪಾಸು ಇರುತ್ತದೆ. ಕಿಟಕಿ ತೆರೆದಿದ್ದರೆ ಅದರಲ್ಲಿ 10–15 ಕಳೆಯಬಹುದು. ಉಳಿದದ್ದೆಲ್ಲ ನಿಮ್ಮ ದಿಂಬಿನ ಪಕ್ಕಕ್ಕೇ ಬರುತ್ತದೆ.

ಇನ್ನು "ನಂಗೆ ಅಭ್ಯಾಸ ಆಗಿದೆ" ಅನ್ನುವ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ರೋಗಿಗಳಿಗೆ "ಬಿಡಿ, ಅಭ್ಯಾಸ ಆಗುತ್ತೆ" ಅಂತ ಹೇಳಿ ಕಳಿಸಿದ್ದೇನೆ. ರೈಲು ಹಳಿ ಪಕ್ಕದಲ್ಲೇ ಮನೆ ಇದ್ದ ಒಬ್ಬರು ಬರುತ್ತಿದ್ದರು. ಕೊರಡಿನ ಹಾಗೆ ಮಲಗುತ್ತೇನೆ ಸಾರ್, ರೈಲು ಬಂದಿದ್ದೂ ಗೊತ್ತಾಗಲ್ಲ ಅನ್ನುತ್ತಿದ್ದರು. ಬೇರೆ ಕಾರಣಕ್ಕೆ ಅವರ ತೋಳಿಗೆ 24 ಗಂಟೆಯ ಬಿಪಿ ಯಂತ್ರ ಕಟ್ಟಿ ಕಳಿಸಿದೆವು. ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಇವರದು ಇಳಿದೇ ಇರಲಿಲ್ಲ. ಅದಕ್ಕೆ ರೈಲೇ ಕಾರಣ ಅಂತ ಆ ಒಂದು ಪಟ್ಟಿಯಿಂದ ಹೇಳಲು ಬರುವುದಿಲ್ಲ. ಯಂತ್ರ ರಾತ್ರಿ ಅರ್ಧ ಗಂಟೆಗೊಮ್ಮೆ ಅಳೆಯುತ್ತದೆ, ರೈಲು ಒಂದು ನಿಮಿಷದಲ್ಲಿ ದಾಟಿ ಹೋಗುತ್ತದೆ. ಆದರೂ "ಚೆನ್ನಾಗಿ ಮಲಗಿದ್ದೆ" ಅನ್ನುವ ಮಾತನ್ನು ಅಂದಿನಿಂದ ನಾನು ಪೂರ್ತಿ ನಂಬುವುದನ್ನು ಬಿಟ್ಟೆ.

ಆ ಕ್ಷಣವನ್ನು ಹಿಡಿಯಲು ಬೇರೆಯವರು ಪ್ರಯತ್ನಪಟ್ಟಿದ್ದಾರೆ. ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಹತ್ತಿರ ವಾಸವಿದ್ದ 140 ಜನರ ಮಲಗುವ ಕೋಣೆಯಲ್ಲೇ ಸದ್ದು ದಾಖಲಿಸುವ ಯಂತ್ರ ಇಟ್ಟು, ರಾತ್ರಿಯಿಡೀ ಅವರ ಬಿಪಿ ಅಳೆದರು. ವರದಿ ಬಂದದ್ದು 2008ರಲ್ಲಿ. ವಿಮಾನ ಹಾರಿಹೋದ ಹೊತ್ತಿನಲ್ಲಿ ಮೇಲಿನ ಬಿಪಿ ಸರಾಸರಿ 6 ಅಂಕ ಏರಿತ್ತು. ಮಲಗಿದ್ದವರು ಎದ್ದಿರಲೇಬೇಕು ಅಂತೇನೂ ಇರಲಿಲ್ಲ. ರಸ್ತೆಯ ಸದ್ದಿಗೂ ಇದೇ ಥರದ ಏರಿಕೆ ಕಂಡಿತು. ನಾಲ್ಕಾರು ರಾತ್ರಿ ಕಳೆದರೆ ಎಚ್ಚರ ಆಗುವುದು ಕಡಿಮೆಯಾಗುತ್ತದೆ, ನಿಜ. ಅಭ್ಯಾಸ ಆಗುವುದು ಅಷ್ಟಕ್ಕೇ. ನಾಡಿ ಏರುವುದು, ರಕ್ತನಾಳ ಬಿಗಿಯುವುದು ನಡೆದೇ ಇರುತ್ತದೆ. ನಿಮ್ಮ ಯಜಮಾನರ ತಲೆ ಲಾರಿಗೆ ಒಗ್ಗಿದೆ. ಎದೆ ಒಗ್ಗಿದೆ ಅಂತ ಹೇಳಲಾರೆ.

ಇದು ಹೇಗೆ ಆಗುತ್ತದೆ ಅನ್ನುವುದೂ ತೀರಾ ಕಷ್ಟದ ವಿಷಯವಲ್ಲ. ಕಿವಿಯಿಂದ ಹೋದ ಸದ್ದು ಮಿದುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ "ಇದು ಲಾರಿ" ಅಂತ ಗುರುತಾಗುತ್ತದೆ. ಇನ್ನೊಂದು ದಾರಿ ಸೀದಾ ಅಮಿಗ್ಡಲಾ ಅನ್ನುವ ಸಣ್ಣ ಭಾಗಕ್ಕೆ ಹೋಗುತ್ತದೆ. ಭಯ, ಗಾಬರಿಯ ಗಂಟೆ ಹೊಡೆಯುವುದು ಅದೇ. ಲಾರಿ ಅಂತ ಗುರುತು ಸಿಗುವುದಕ್ಕೂ ಅದು ಕಾಯುವುದಿಲ್ಲ. ಅಡ್ರಿನಲಿನ್ ಬಿಡುಗಡೆಯಾಗುತ್ತದೆ, ನಾಡಿ ಓಡುತ್ತದೆ, ರಕ್ತನಾಳ ಸಂಕುಚಿಸುತ್ತದೆ. ಇದು ಪದೇ ಪದೇ ಆದರೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನೂ ಏರಿಯೇ ಇರುತ್ತದೆ. ಅದರ ಜೊತೆಗೆ ಸಕ್ಕರೆ, ಕೊಬ್ಬಿನ ಹದವೂ ಕೆಡುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ 498 ಜನರ ಮಿದುಳಿನ ಸ್ಕ್ಯಾನ್ ನೋಡಿ ಕೆಲವು ವರ್ಷ ಅವರ ಹಿಂದೆ ಬಿದ್ದು ಲೆಕ್ಕ ಇಟ್ಟರು. ಜಾಸ್ತಿ ಸದ್ದಿನ ಜಾಗದಲ್ಲಿದ್ದವರಲ್ಲಿ ಈ ಅಮಿಗ್ಡಲಾ ಹೆಚ್ಚು ಚುರುಕಾಗಿತ್ತು, ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿತ್ತು, ಮುಂದೆ ಹೃದಯದ ತೊಂದರೆಯೂ ಅವರಲ್ಲೇ ಹೆಚ್ಚು ಕಂಡಿತು.

ರಕ್ತನಾಳದ ಒಳಮೈಗೆ ಒಂದು ತೆಳು ಪದರ ಇದೆ. ನಾಳವನ್ನು ಬೇಕಾದಾಗ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಾಗುವುದು ಅಲ್ಲಿ. ಜರ್ಮನಿಯ ಮೈನ್ಸ್ ನಗರದ ವೈದ್ಯರು 2013ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಆರೋಗ್ಯವಾಗಿದ್ದ 75 ಯುವಕ ಯುವತಿಯರು ಮಲಗಿದ್ದಾಗ, ಧ್ವನಿಮುದ್ರಿಸಿದ ವಿಮಾನದ ಸದ್ದನ್ನು ರಾತ್ರಿಗೆ 30 ಅಥವಾ 60 ಸಲ ಕೇಳಿಸಿದರು. ಬೆಳಿಗ್ಗೆ ಪರೀಕ್ಷಿಸಿದರೆ ಆ ಪದರದ ಹಿಗ್ಗುವ ಶಕ್ತಿ ಕುಗ್ಗಿತ್ತು. ಒಂದೇ ರಾತ್ರಿಗೆ! ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು, ಒಂದು ವಾರ ಚೆನ್ನಾಗಿ ಮಲಗಿದರೆ ಸರಿಹೋಗುತ್ತಾರೆ. 54ರ ವಯಸ್ಸಿನಲ್ಲಿ ಹದಿನೆಂಟು ವರ್ಷದ ರಾತ್ರಿಗಳ ಲೆಕ್ಕ ಬೇರೆಯೇ.

ನಿಮ್ಮೂರಿನವರಿಗೆ ನಾಲೆ ಗೊತ್ತಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿ ಎಲ್ಲೋ ಕುಸಿದಿದೆ ಅಂದರೆ ನೀರು ಹರಿಯುವಾಗ ಯಾರೂ ದುರಸ್ತಿಗೆ ಇಳಿಯುವುದಿಲ್ಲ. ನೀರು ನಿಲ್ಲಿಸಿದ ದಿನಗಳಲ್ಲಿ ಕೆಲಸ ನಡೆಯುತ್ತದೆ. ನಿದ್ದೆಯಲ್ಲಿ ಬಿಪಿ ಇಳಿಯುವುದೂ ಹೆಚ್ಚುಕಡಿಮೆ ಇದೇ. ಒತ್ತಡ ತಗ್ಗಿದ ಆ ನಾಲ್ಕೈದು ಗಂಟೆ ನಾಳಗಳಿಗೆ ದುರಸ್ತಿಯ ಹೊತ್ತು. ರಾತ್ರಿಯೆಲ್ಲ ಹತ್ತು ನಿಮಿಷಕ್ಕೊಮ್ಮೆ ತೂಬು ಎತ್ತಿ ಇಳಿಸುತ್ತಿದ್ದರೆ ಏರಿ ಕಟ್ಟುವುದು ಯಾವಾಗ? ಹಾಗಾಗಿ ಹಗಲಿನ ಸದ್ದಿಗಿಂತ ರಾತ್ರಿಯ ಸದ್ದಿಗೆ ನಾನು ಜಾಸ್ತಿ ಹೆದರುತ್ತೇನೆ.

ಈಗ ನೀವು ಓದಿದ ಮಾತಿಗೆ ಬರೋಣ. ಸದ್ದಿನಿಂದಲೇ ಹಾರ್ಟ್ ಅಟ್ಯಾಕ್ ಆಗುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಅಂತ ಮಾಡಿದ ಮಾರ್ಗಸೂಚಿಯಲ್ಲಿ ರಸ್ತೆ ಸದ್ದು ಇಡೀ ದಿನದ ಸರಾಸರಿಯಲ್ಲಿ 53 ಡೆಸಿಬಲ್ ಒಳಗೆ, ರಾತ್ರಿ 45ರ ಒಳಗೆ ಇರಬೇಕು ಅಂದಿದೆ. 53ರ ಮೇಲೆ ಪ್ರತಿ 10 ಡೆಸಿಬಲ್ ಏರಿದರೆ ಹೃದಯದ ರಕ್ತನಾಳ ಕಟ್ಟುವ ಕಾಯಿಲೆ ಸುಮಾರು ಶೇಕಡಾ 8ರಷ್ಟು ಹೆಚ್ಚುತ್ತದೆ ಅಂತ ಅವರ ಅಂದಾಜು. ಈ 8 ಅನ್ನುವುದನ್ನು ಕೇಳಿ ಗಾಬರಿ ಬೇಡ. ಲೆಕ್ಕಕ್ಕೆ ಹೇಳುತ್ತೇನೆ: ಒಂದು ಬೀದಿಯಲ್ಲಿ ನೂರು ಜನರಿದ್ದು, ಅವರಲ್ಲಿ ಹತ್ತು ಜನಕ್ಕೆ ಹೇಗಿದ್ದರೂ ಈ ಕಾಯಿಲೆ ಬರುವುದಿತ್ತು ಅಂದುಕೊಳ್ಳಿ. ಸದ್ದು 10 ಡೆಸಿಬಲ್ ಹೆಚ್ಚಿದರೆ ಆ ಹತ್ತು, ಹನ್ನೊಂದರ ಹತ್ತಿರ ಬರುತ್ತದೆ. ಅಷ್ಟೇ. ಬೀಡಿ ಸಿಗರೇಟು ಮಾಡುವ ಹಾನಿಯ ಮುಂದೆ ಇದು ಚಿಕ್ಕದು. ಆದರೆ ಬೀಡಿ ಸೇದುವವನು ಒಬ್ಬ. ಸದ್ದು ಇಡೀ ಬೀದಿಗೆ ಬರುತ್ತದೆ, ಯಾರನ್ನೂ ಕೇಳದೆ ಬರುತ್ತದೆ.

ಬಿಪಿ ವಿಷಯದಲ್ಲಿ ಇನ್ನೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅದೇ 2018ರ ವರದಿಯಲ್ಲಿ ಹೃದಯದ ಕಾಯಿಲೆಗೆ ಪುರಾವೆ ಗಟ್ಟಿ ಇತ್ತು, ಬಿಪಿಗೆ ಅಷ್ಟು ಗಟ್ಟಿ ಇರಲಿಲ್ಲ. ಆಮೇಲೆ 2023ರಲ್ಲಿ ಬ್ರಿಟನ್ನಿನ ಸುಮಾರು 2.4 ಲಕ್ಷ ಜನರನ್ನು ಎಂಟು ವರ್ಷ ಗಮನಿಸಿದ ಅಧ್ಯಯನ ಬಂತು. ರಸ್ತೆ ಸದ್ದು ಹೆಚ್ಚಿದಷ್ಟೂ ಹೊಸದಾಗಿ ಬಿಪಿ ಬರುವವರು ಹೆಚ್ಚಿದ್ದರು. ರಸ್ತೆ ಅಂದರೆ ಹೊಗೆಯೂ ಇರುತ್ತದಲ್ಲ, ತಪ್ಪು ಹೊಗೆಯದಿರಬಹುದು ಅಂತ ಅದನ್ನು ಲೆಕ್ಕದಿಂದ ಬೇರ್ಪಡಿಸಿ ನೋಡಿದರು. ಆಗಲೂ ಸದ್ದಿನ ಪಾಲು ಉಳಿಯಿತು. ಹಾಗಂತ ನಿಮ್ಮ ಯಜಮಾನರ 148/94 ಲಾರಿಯಿಂದಲೇ ಬಂತು ಅಂತ ಯಾವ ವೈದ್ಯನೂ ಹೇಳಲಾರ. ಉಪ್ಪಿನಕಾಯಿ, ಹಪ್ಪಳ, ಹೊಟ್ಟೆಯ ಬೊಜ್ಜು, ಅಪ್ಪ ಅಮ್ಮನಿಂದ ಬಂದದ್ದು, ಎಲ್ಲ ಸೇರಿ ಆಗಿರುವ ಲೆಕ್ಕ ಅದು.

ಇದರ ನಡುವೆ ನೀವು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋದ ಒಂದು ವಿಷಯದಲ್ಲಿ ನನ್ನ ಕಣ್ಣು ನಿಂತಿದೆ. ಗೊರಕೆ.

ಗೊರಕೆ ಹೊಡೆದರೆ ಗಾಢ ನಿದ್ದೆ ಅನ್ನುವುದು ನಮ್ಮಲ್ಲಿ ಹಳೇ ನಂಬಿಕೆ. ಎಷ್ಟೋ ಸಲ ಅದು ತಿರುವುಮುರುವು. ಇವತ್ತು ರಾತ್ರಿ, ಹೇಗಿದ್ದರೂ ನಿಮಗೆ ಎಚ್ಚರ ಇರುತ್ತದೆ, ಸ್ವಲ್ಪ ಗಮನಿಸಿ. ಗೊರಕೆ ಏರುತ್ತಾ ಏರುತ್ತಾ ಇದ್ದಕ್ಕಿದ್ದಂತೆ ನಿಲ್ಲುತ್ತದೆಯೇ? ಹತ್ತು ಹದಿನೈದು ಸೆಕೆಂಡು ಉಸಿರೇ ಇಲ್ಲದೆ, ಆಮೇಲೆ ಗಕ್ಕನೆ ಉಸಿರೆಳೆದು ಮತ್ತೆ ಶುರುವಾಗುತ್ತದೆಯೇ? ಬೆಳಿಗ್ಗೆ ತಲೆಭಾರ, ಹಗಲು ಕೂತಲ್ಲೇ ತೂಕಡಿಕೆ ಇದೆಯೇ? ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಕಟ್ಟುವ ತೊಂದರೆ. ಅದೂ ಸದ್ದಿನ ಹಾಗೆಯೇ ರಾತ್ರಿಯ ಬಿಪಿ ಇಳಿಯಲು ಬಿಡುವುದಿಲ್ಲ. ಸದ್ದಿಗಿಂತ ಎಷ್ಟೋ ಜೋರಾಗಿ ಏರಿಸುತ್ತದೆ. ಮನೆ ಮಾರಿ ಕಾಡಿನ ನಡುವೆ ಹೋಗಿ ಮಲಗಿದರೂ ಅದು ಹೋಗುವುದಿಲ್ಲ. ಒಂದು ರಾತ್ರಿಯ ನಿದ್ದೆ ಪರೀಕ್ಷೆಯಿಂದ ತಿಳಿಯುತ್ತದೆ, ಈಗ ಯಂತ್ರ ಕಟ್ಟಿಕೊಂಡು ಮನೆಯಲ್ಲೇ ಮಲಗಿ ಮಾಡಿಸಬಹುದು. ಚಿಕಿತ್ಸೆಯೂ ಇದೆ. ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ: ಜೋರು ಗೊರಕೆ ಪಕ್ಕದಲ್ಲಿ ಮಲಗಿದವರ ಕಿವಿಗೆ 50–60 ಡೆಸಿಬಲ್ ಆಗಿರುವುದುಂಟು. ನಿಮ್ಮ ನಿದ್ದೆಗೆಟ್ಟ ರಾತ್ರಿಗಳಲ್ಲಿ ಲಾರಿಗಳ ಪಾಲೆಷ್ಟು, ಯಜಮಾನರ ಪಾಲೆಷ್ಟು ಅನ್ನುವುದನ್ನು ನೀವೇ ನೋಡಿ.

ಮಾತ್ರೆ ವಿಷಯ. ಮೆಡಿಕಲ್ ಶಾಪಿನಲ್ಲಿ, ಬಿಸಿಲಿನಲ್ಲಿ ನಡೆದು ಬಂದು, ನಿಂತುಕೊಂಡೇ ನೋಡಿಸಿದ ಒಂದು ಬಿಪಿಯನ್ನು ನಾನೂ ಪೂರ್ತಿ ನಂಬುವುದಿಲ್ಲ. ತೋಳಿಗೆ ಕಟ್ಟುವ ಒಂದು ಯಂತ್ರ ತನ್ನಿ. ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕೈ ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. 135/85 ಮುಟ್ಟಿದರೆ ಅಥವಾ ದಾಟಿದರೆ ಬಿಪಿ ಇದೆ ಅಂತಲೇ ಅರ್ಥ. ಆ ಚೀಟಿ ಹಿಡಿದು ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ. ಅನುಮಾನ ಇದ್ದರೆ 24 ಗಂಟೆಯ ಯಂತ್ರ ಕಟ್ಟಲು ಅವರನ್ನೇ ಕೇಳಿ, ರಾತ್ರಿ ಇಳಿಯುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಏಳು ದಿನದಲ್ಲಿ ಯಾವತ್ತಾದರೂ 180/110ರ ಹತ್ತಿರ ಬಂದರೆ ವಾರ ಮುಗಿಯಲಿ ಅಂತ ಕಾಯಬೇಡಿ.

ಕೋಣೆ ಬದಲಿಸಿದ ಮೇಲೆ ಬಿಪಿ ಎರಡು ಮೂರು ಅಂಕ ಇಳಿದರೆ ಸಂತೋಷ. ಅದನ್ನು ನೋಡಿ ಮಾತ್ರೆ ನಿಲ್ಲಿಸಬೇಡಿ. ಹಳ್ಳಿಯ ಮನೆಗೆ ಹೋಗಿ ಹದಿನೈದು ದಿನ ಆರಾಮಾಗಿದ್ದೆ ಅಂತ ಮಾತ್ರೆ ಬಿಟ್ಟು, ಪಾರ್ಶ್ವವಾಯು ಆಗಿ ಬಂದವರನ್ನು ನೋಡಿದ್ದೇನೆ.

ಅತ್ತೆಯವರ ವಿಷಯ. ಸ್ಟೆಂಟ್ ಡಿಜೆ ಸದ್ದಿಗೆ ಜರುಗುವುದಿಲ್ಲ. ಅದನ್ನು ಬಲೂನಿನಿಂದ ರಕ್ತನಾಳದ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ಕೆಲವು ತಿಂಗಳಲ್ಲಿ ಅದರ ಮೇಲೆ ಒಳಪದರವೇ ಬೆಳೆದುಕೊಳ್ಳುತ್ತದೆ. ಪಟಾಕಿಗೂ ಜರುಗದು, ಕೆಮ್ಮಿದರೂ ಜರುಗದು. ಹಾಗೆ ಹೆದರಿಸಿದವರ ಮಾತು ಬಿಟ್ಟುಬಿಡಿ. ಆದರೆ ಎದೆ ಹಿಡಿದುಕೊಂಡು ಕೂರುತ್ತಾರೆ ಅಂದಿರಲ್ಲ, ಅದನ್ನು ಬಿಡಬೇಡಿ. ದಪ್ಪ ಬೇಸ್ ಸದ್ದಿಗೆ ಎದೆ ಗೂಡು ನಡುಗಿದಂತೆ ಎಲ್ಲರಿಗೂ ಆಗುತ್ತದೆ. ನೋವು, ಹಿಂಡಿದಂತೆ ಬಿಗಿತ, ತೋಳಿಗೆ ದವಡೆಗೆ ಹರಿಯುವುದು, ಬೆವರು, ಇವು ಇದ್ದರೆ ಬೇರೆ. ಸದ್ದಿನ ಗಾಬರಿಗೆ ನಾಡಿ ಏರಿ, ಆ ವೇಗಕ್ಕೆ ತಕ್ಕಷ್ಟು ರಕ್ತ ಹೃದಯಕ್ಕೆ ಸಿಗುತ್ತಿಲ್ಲ ಅಂತ ಅರ್ಥ ಇರಬಹುದು. ಎರಡು ವರ್ಷದಲ್ಲಿ ಇನ್ನೊಂದು ಕಡೆ ಕಟ್ಟಿರುವ ಸಾಧ್ಯತೆಯೂ ಇದೆ. ಸ್ಟೆಂಟ್ ಹಾಕಿದ ಕಡೆ ಒಮ್ಮೆ ತೋರಿಸಿ, ಗಣಪತಿ ಹಬ್ಬದವರೆಗೆ ಕಾಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು. ಮೆರವಣಿಗೆ ದಿನ ಅವರನ್ನು ಒಳಬೀದಿಯ ನೆಂಟರ ಮನೆಗೆ ಕಳಿಸುವುದು ಒಳ್ಳೆಯದು. ಎದೆನೋವು ಕೂತರೂ ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ. ಮೆರವಣಿಗೆ ದಾಟಿ ಹೋಗಲಿ ಅಂತ ನೋಡುತ್ತಾ ಕೂರಬೇಡಿ.

(ಅಪರೂಪಕ್ಕೆ ಕೆಲವು ಮನೆತನಗಳಲ್ಲಿ ಹೃದಯದ ವಿದ್ಯುತ್ತಿನ ಒಂದು ಹುಟ್ಟುದೋಷ ಇರುತ್ತದೆ. ಅಂಥವರಿಗೆ ಅಲಾರಂ, ಫೋನ್ ಗಂಟೆಯಂಥ ಹಠಾತ್ ಸದ್ದಿಗೇ ಹೃದಯದ ತಾಳ ತಪ್ಪಬಹುದು. ಚಿಕ್ಕ ವಯಸ್ಸಿನವರು ಸದ್ದಿಗೆ ಬೆಚ್ಚಿ ಎಚ್ಚರ ತಪ್ಪಿ ಬಿದ್ದಿದ್ದಾರೆ ಅಂದರೆ ಇಸಿಜಿ ಮಾಡಿಸಲೇಬೇಕು. ನಿಮ್ಮತ್ತೆಗೆ ಇದು ಸಂಬಂಧಿಸಿದ್ದಲ್ಲ, ಓದುವ ಬೇರೆಯವರಿಗೆ ಅಂತ ಹೇಳಿದೆ.)

ಇನ್ನು ಮನೆಯೊಳಗೆ ಏನು ಮಾಡಬಹುದು. ಹಿಂದಿನ ಕೋಣೆ ಅಂತ ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮನೆಯ ಗೋಡೆಗಳೇ ರಸ್ತೆಗೆ ಅಡ್ಡ ನಿಲ್ಲುತ್ತವೆ. ಎದುರಿನ ಕೋಣೆಗಿಂತ ಹಿಂದಿನ ಕೋಣೆಯಲ್ಲಿ 10ರಿಂದ 20 ಡೆಸಿಬಲ್ ಕಡಿಮೆ ಇರುವುದು ಸಾಮಾನ್ಯ. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ. 10 ಇಳಿದರೆ ಸದ್ದಿನ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ, ಕಿವಿಗೆ ಅರ್ಧದಷ್ಟಾಯಿತು ಅನ್ನಿಸುತ್ತದೆ. ಖರ್ಚು ಅಂದರೆ ಸಾಮಾನು ಸಾಗಿಸುವ ಕೂಲಿ. ಮೊಬೈಲಿನಲ್ಲಿ ಸದ್ದು ಅಳೆಯುವ ಆಪ್ ಸಿಗುತ್ತದೆ. ಅದರ ಅಂಕಿ ಖಚಿತವಲ್ಲ, ಕಚೇರಿಗೆ ಸಾಕ್ಷಿಯಾಗಿ ಕೊಡಲಾಗದು. ಆದರೆ ಒಂದೇ ಫೋನಿನಲ್ಲಿ ರಾತ್ರಿ ಹನ್ನೊಂದಕ್ಕೆ ಎದುರಿನ ಕೋಣೆ, ಹಿಂದಿನ ಕೋಣೆ ಎರಡನ್ನೂ ಅಳೆದು ಹೋಲಿಸಲು ಸಾಕು. ಹಿಂದುಗಡೆ ಯಾರದಾದರೂ ಜನರೇಟರ್, ಬೋರ್‌ವೆಲ್ ಮೋಟಾರ್ ಇದ್ದರೆ ಲೆಕ್ಕ ತಪ್ಪಬಹುದು, ಮೊದಲು ಒಂದು ರಾತ್ರಿ ನೀವೇ ಅಲ್ಲಿ ಮಲಗಿ ನೋಡಿ.

ಕಿಟಕಿಗೆ ದುಡ್ಡು ಹಾಕುವುದು ಎರಡನೇ ಮಾತು. ಗಾಳಿ ನುಗ್ಗುವ ಸಂದಿಯಲ್ಲೆಲ್ಲ ಸದ್ದೂ ನುಗ್ಗುತ್ತದೆ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಸಂದಿ, ಬಾಗಿಲ ಕೆಳಗಿನ ಸಂದಿ, ಮೇಲಿನ ವೆಂಟಿಲೇಟರ್, ಇವನ್ನು ರಬ್ಬರ್ ಪಟ್ಟಿ ಹಾಕಿ ಬಿಗಿ ಮಾಡಿದರೆ ಸ್ವಲ್ಪ ದುಡ್ಡಿನಲ್ಲೇ ವ್ಯತ್ಯಾಸ ಕಾಣುತ್ತದೆ. ದಪ್ಪ ಲ್ಯಾಮಿನೇಟೆಡ್ ಗಾಜು ಅದಕ್ಕಿಂತ ಒಳ್ಳೆಯದು, ದುಬಾರಿ. ಅಪಾಯ ಎಲ್ಲಿದೆ ಅಂದರೆ ಸೆಕೆಯಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ಮಂಡ್ಯದ ಮನೆಯನ್ನು ಪೂರ್ತಿ ಮುಚ್ಚಿ 76 ವರ್ಷದವರನ್ನು ಮಲಗಿಸಿದರೆ ಆ ಸೆಕೆಯೂ ಹೃದಯಕ್ಕೆ ಕೆಟ್ಟದ್ದೇ. ರಸ್ತೆ ಕಡೆ ಮುಚ್ಚಿ, ಹಿತ್ತಲ ಕಡೆ ಸೊಳ್ಳೆ ಜಾಲರಿ ಹಾಕಿ ತೆರೆದಿಡಿ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನು ಒಂದಿಷ್ಟು ತಗ್ಗಿಸೀತು, ಹೊರಗಿನ ಲಾರಿಯನ್ನು ತಡೆಯದು. ದಪ್ಪ ಪರದೆಯೂ ಹೆಚ್ಚುಕಡಿಮೆ ಹಾಗೇ. ಒಂದು ಸಾಲು ಅಶೋಕ ಗಿಡ ನೆಟ್ಟರೆ ನೆರಳಿಗೆ, ಕಣ್ಣಿಗೆ ತಂಪು. ಸದ್ದಿಗೆ ಅದು ಲೆಕ್ಕಕ್ಕೇ ಇಲ್ಲ.

ಕಿವಿಗೆ ಇಡುವ ಫೋಮ್ ಪ್ಲಗ್ ಕೆಲಸ ಮಾಡುತ್ತದೆ. ಐಸಿಯುನಲ್ಲಿರುವ ರೋಗಿಗಳಿಗೆ ನಿದ್ದೆ ಬರಲಿ ಅಂತ ಇದನ್ನು ಇಟ್ಟು ನೋಡಿದ್ದಾರೆ, ಉಪಯೋಗವೂ ಕಂಡಿದೆ. ನಿಮಗೆ ಅನುಕೂಲ ಆಗಬಹುದು. ಆದರೆ ರಾತ್ರಿ ಅತ್ತೆ ಕರೆದರೆ ಕೇಳಿಸಬೇಕಲ್ಲ? ಇಬ್ಬರೂ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಅಥವಾ ಅತ್ತೆ ಕೈಗೆ ಒಂದು ಕರೆಗಂಟೆ ಕೊಡಿ. ಕಿವಿಯಲ್ಲಿ ಗುಗ್ಗೆ ಹೆಚ್ಚು ಕಟ್ಟುವವರು, ಕಿವಿ ಸೋರುವವರು ಇಡಬಾರದು. ಫ್ಯಾನಿನ ಒಂದೇ ಸಮನೆ ಸದ್ದು ಸಣ್ಣಪುಟ್ಟ ಸದ್ದನ್ನು ಮರೆಸುತ್ತದೆ. ಹೃದಯಕ್ಕೆ ಜಾಸ್ತಿ ತೊಂದರೆ ಕೊಡುವುದು ಸಮನಾದ ಸದ್ದಲ್ಲ, ನಿಶ್ಶಬ್ದದಿಂದ ದಿಢೀರನೆ ಏಳುವ ಸದ್ದು. ನಿಮ್ಮ ಮನೆ ಮುಂದಿನ ಹಂಪ್ ಮೇಲೆ ಖಾಲಿ ಟ್ರೇಲರ್ ಹಾರಿ ಸರಪಳಿ ಗಲಗಲ ಅನ್ನುವುದಿದೆಯಲ್ಲ, ಅದೇ.

ಒಂದು ಮಾತ್ರ ಬೇಡವೇ ಬೇಡ: ಯಾರೋ ಕೊಟ್ಟ ನಿದ್ದೆ ಮಾತ್ರೆ. ಗೊರಕೆ ಇರುವವರಿಗೆ ಅದು ಗಂಟಲನ್ನು ಇನ್ನೂ ಸಡಿಲ ಮಾಡಿ ಉಸಿರು ಕಟ್ಟಿಸುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಹೊರಗಿನ ಸದ್ದಿಗೆ ಕಾನೂನು ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವ್ಯಾಪಾರದ ಜಾಗದಲ್ಲಿ 65 ಮತ್ತು 55. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಕೆಳಗೆ ಅಂಗಡಿ ಇರುವ ನಿಮ್ಮ ಬೀದಿ ವ್ಯಾಪಾರದ ಲೆಕ್ಕಕ್ಕೆ ಬರಬಹುದು, ರಕ್ತನಾಳಕ್ಕೆ ಮಾತ್ರ ಆ ವಿಂಗಡಣೆ ಗೊತ್ತಿಲ್ಲ. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ವಿನಾಯಿತಿ ಕೊಡಬಹುದು. ಕರ್ಕಶ ಏರ್ ಹಾರ್ನ್ ಯಾವಾಗಲೂ ನಿಷಿದ್ಧ. 112ಕ್ಕೆ ಫೋನ್ ಮಾಡಬಹುದು. ಒಬ್ಬರೇ ಮಾಡುವುದಕ್ಕಿಂತ ಬೀದಿಯ ಹತ್ತು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟರೆ ಹೆಚ್ಚು ನಡೆಯುತ್ತದೆ. ರಾತ್ರಿ ರಸ್ತೆಗಿಳಿದು ಡ್ರೈವರ್‌ಗಳ ಜೊತೆ ಜಗಳಕ್ಕೆ ನಿಲ್ಲಬೇಡಿ. ಆ ಹುಡುಗರು ಡೆಕ್ ಹಾಕುವುದು ನಿಮ್ಮನ್ನು ಕಾಡಿಸಲು ಅಲ್ಲ, ನಿದ್ದೆ ತಡೆಯಲು. ಅವರೂ ಎರಡು ರಾತ್ರಿ ಸಾಲಿನಲ್ಲಿ ಕಾದಿರುತ್ತಾರೆ. ಸೀಸನ್ ಶುರುವಾಗುವ ಮುಂಚೆ ಕಾರ್ಖಾನೆಯ ಕಬ್ಬು ವಿಭಾಗದವರ ಹತ್ತಿರ ಹೋಗಿ, ಊರೊಳಗೆ ಡೆಕ್ ಬಂದ್ ಮಾಡಿಸಿ ಅಂತ ಕೇಳಿ ನೋಡಿ. ಹಂಪ್ ಬಗ್ಗೆ ನಗರಸಭೆಗೆ ಅರ್ಜಿ ಹಾಕುವಾಗ ತೆಗೆಸಿ ಅನ್ನಬೇಡಿ, ಮಕ್ಕಳು ಓಡಾಡುವ ಜಾಗ. ಗಿಡ್ಡ ಹಂಪ್ ಬದಲು ಅಗಲವಾಗಿ, ಇಳಿಜಾರಾಗಿ ಮಾಡಿಸಿ ಅನ್ನಿ, ಟ್ರೇಲರ್ ಹಾರುವುದು ತಗ್ಗುತ್ತದೆ.

ಕೊನೆಗೆ ಸೈಟು. ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಅದೇ ಆಗಸ್ಟಿನಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಹಾಗಾಗಿ ಅಲ್ಲಿ ಡೆಕ್ ಕಾಟ ಕಡಿಮೆ ಇರಬಹುದು. ಆದರೆ ಕಾರು ಗಂಟೆಗೆ 50 ಕಿ.ಮೀ. ದಾಟಿತು ಅಂದರೆ ಎಂಜಿನ್ನಿಗಿಂತ ಟೈರಿನ ಸದ್ದೇ ಜಾಸ್ತಿ, ಅಲ್ಲಿ ನೂರರ ಹತ್ತಿರ ಓಡುತ್ತವೆ. ರಾತ್ರಿ ಗದ್ದೆ ಬಯಲಿನ ನೆಲ ತಣ್ಣಗಾದಾಗ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಸದ್ದು ಮೇಲೆ ಹೋಗದೆ ಬಾಗಿ ನೆಲಕ್ಕೇ ಬರುತ್ತದೆ, ಹಗಲಿಗಿಂತ ದೂರ ಕೇಳುತ್ತದೆ. ನಾವು ಸೈಟು ನೋಡಲು ಹೋಗುವುದು ಭಾನುವಾರ ಮಧ್ಯಾಹ್ನ. ನೀವು ಒಂದು ದಿನ ರಾತ್ರಿ ಎರಡಕ್ಕೆ ಹೋಗಿ ಅರ್ಧ ಗಂಟೆ ನಿಂತು ಬನ್ನಿ. ಜೊತೆಗೆ ಎರಡು ಅಂಗಡಿಯ ಬಾಡಿಗೆ ತಪ್ಪುತ್ತದೆ, ಮನೆ ಕಟ್ಟುವ ಸಾಲ ಬರುತ್ತದೆ. ಬ್ಯಾಂಕಿನ ಕಂತಿನಷ್ಟು ನಿದ್ದೆ ಕೆಡಿಸುವ ಲಾರಿಯನ್ನು ನಾನಿನ್ನೂ ನೋಡಿಲ್ಲ.

ಮೂರು ತಿಂಗಳು ಹಿಂದಿನ ಕೋಣೆಯಲ್ಲಿ ಮಲಗಿ ನೋಡಿ. ಅತ್ತೆಯ ಹಾಸಿಗೆಯೂ ರಸ್ತೆ ಕಡೆ ಇದ್ದರೆ ಒಳಗೆ ತನ್ನಿ. ಬಿಪಿ ಬರೆಯುವ ಪುಸ್ತಕದಲ್ಲಿ ಒಂದು ಕಡೆ, ಆ ರಾತ್ರಿ ಎಷ್ಟು ಸಲ ಎಚ್ಚರ ಆಯಿತು ಅಂತಲೂ ಬರೆದಿಡಿ. ಮೊದಲ ಎರಡು ಮೂರು ರಾತ್ರಿ ಯಜಮಾನರು ನಿದ್ದೆ ಬರಾಕಿಲ್ಲ ಅಂತ ಗೊಣಗುತ್ತಾರೆ. ಫ್ಯಾನ್ ಹಾಕಿಕೊಡಿ. ಎದುರಿನ ಕೋಣೆಗೆ ಹೊಲಿಗೆ ಮಿಷನ್ ಹಾಕಿಸಿಕೊಳ್ಳಿ. ಬೆಳಕು ಚೆನ್ನಾಗಿರುತ್ತದೆ, ವಾಪಸ್ ಅಲ್ಲಿಗೆ ಹಾಸಿಗೆ ಒಯ್ಯಲು ಅವರಿಗೆ ಜಾಗವೂ ಇರುವುದಿಲ್ಲ.